ತೆಗೆಯದಿದ್ದರೆ ಏನಾಗುತ್ತೆ, ಡಾಕ್ಟ್ರೇ?

ಹೋದ ತಿಂಗಳು ನಮ್ಮ ತಾಲ್ಲೂಕಿನ ಸ್ವಸಹಾಯ ಸಂಘಗಳ ಹೆಂಗಸರ ಸಭೆಯಲ್ಲಿ ಮಾತಾಡಲು ನನ್ನನ್ನು ಕರೆದಿದ್ದರು. ಇಪ್ಪತ್ತು ನಿಮಿಷ ಅಂತ ಹೇಳಿದ್ದರು. ಮುಕ್ಕಾಲು ಗಂಟೆ ಮಾತಾಡಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳ ಕೈಗೆ ಮೈಕ್ ಕೊಟ್ಟರೆ ಇದೇ ಗತಿ. ಅವತ್ತು ಬರಲಾಗದ ಕೆಲವರು ಅದನ್ನೇ ಬರೆದು ಕೊಡಿ ಅಂದರು, ಅದಕ್ಕೆ ಇದು. ಅಲ್ಲಿ ಬಾಯಿಗೆ ಬರದೆ ಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಅಲ್ಲಿ ಆಡಿದ ಎರಡು ಪೋಲಿ ಜೋಕು ಬಿಟ್ಟಿದ್ದೇನೆ.

ಅಕ್ಕಂದಿರೇ, ತಂಗಿಯರೇ,

ಮೊದಲು ಕೈ ಎತ್ತಿಸುವ ಕೆಲಸ. ನಲವತ್ತು ದಾಟಿದವರು ಕೈ ಎತ್ತಿ. ನಾಚಿಕೆ ಬೇಡ, ಇಲ್ಲಿ ಗಂಡು ನೋಡೋಕೆ ಯಾರೂ ಬಂದಿಲ್ಲ. ಸರಿ. ಈಗ ಗರ್ಭಕೋಶದ ಆಪರೇಷನ್ ಆದವರು ಮಾತ್ರ ಕೈ ಹಾಗೇ ಇಟ್ಕೊಳ್ಳಿ, ಮಿಕ್ಕವರು ಇಳಿಸಿ.

(ನಾನು ಎಣಿಸಲಿಲ್ಲ. ಎಣಿಸುವ ಅಗತ್ಯವೂ ಬೀಳಲಿಲ್ಲ. ಮುಂದಿನ ಬೆಂಚಿನ ಐದು ಜನರಲ್ಲೇ ಮೂರು ಕೈ ಮೇಲಿದ್ದವು.)

ಯಾಕೆ ತೆಗೆದರು? ಒಬ್ಬೊಬ್ಬರಾಗಿ ಹೇಳಿ. "ಗಡ್ಡೆ ಇತ್ತಂತೆ." "ಬಿಳಿ ಮುಟ್ಟು ಹೋಗ್ತಿತ್ತು, ಹುಣ್ಣಾಗಿದೆ ಅಂದ್ರು." "ಮುಂದೆ ಕ್ಯಾನ್ಸರ್ ಆಗುತ್ತಂತೆ, ಅದಕ್ಕೆ." ಕೇಳಿಸಿತಾ? ಅಂತೆ. ಅಂದ್ರು. ಅಂತೆ. ಪಕ್ಕದ ಬೀದಿಯ ಹುಡುಗಿಗೆ ಗಂಡು ಗೊತ್ತಾದ ಸುದ್ದಿ ಹೇಳುವಾಗ ಬಳಸುವ ಮಾತನ್ನು ನಮ್ಮದೇ ಹೊಟ್ಟೆಯ ಬಗ್ಗೆ ಬಳಸುತ್ತಿದ್ದೇವೆ. ನಮ್ಮ ಮೈಯಲ್ಲಿ ಏನಿತ್ತು, ಏನು ಹೋಯಿತು ಅನ್ನೋದು ನಮಗೇ ಗಾಳಿ ಸುದ್ದಿ. ಇವತ್ತಿನ ನನ್ನ ಮಾತೆಲ್ಲ ಈ 'ಅಂತೆ' ಮೇಲೇ.

ನನ್ನ ಕಥೆಯಿಂದಲೇ ಶುರು ಮಾಡ್ತೀನಿ. 2008ನೇ ಇಸವಿ, ಫೆಬ್ರವರಿ. ನನಗೆ ನಲವತ್ತೆರಡು. ಒಂದು ವರ್ಷದಿಂದ ಮುಟ್ಟು ಅಂದರೆ ಹೆದರಿಕೆ ಆಗಿಬಿಟ್ಟಿತ್ತು. ಎಂಟು ದಿನ, ಹತ್ತು ದಿನ, ಸೀರೆ ಕಲೆ ಆಗುತ್ತೆ ಅಂತ ಗಾಢ ಬಣ್ಣದ ಸೀರೆ ಮಾತ್ರ ಉಟ್ಟು ಶಾಲೆಗೆ ಹೋಗುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು. ಕಡೆಗೆ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಸ್ಕ್ಯಾನಿಂಗ್ ಮಾಡಿಸಿದರು. ಗರ್ಭಕೋಶದಲ್ಲಿ ನಾಲ್ಕು ಸೆಂಟಿಮೀಟರಿನ ಒಂದು ಗಡ್ಡೆ ಕಂಡಿತು, ಫೈಬ್ರಾಯ್ಡ್ ಅಂತಾರಲ್ಲ, ಅದು. ಡಾಕ್ಟರಮ್ಮ ರಿಪೋರ್ಟ್ ನೋಡಿದರು, ನನ್ನ ಮುಖ ನೋಡಲಿಲ್ಲ. "ಮಕ್ಕಳೆಷ್ಟು?" ಎರಡು ಅಂದೆ. "ಇನ್ನು ಬೇಕಾ?" ನಗು ಬಂತು, ಬೇಡ ಮೇಡಂ ಅಂದೆ. "ಮತ್ತೆ ಇಟ್ಕೊಂಡು ಏನು ಮಾಡ್ತೀರಾ? ತೆಗೆದುಬಿಡೋಣ. ಗುರುವಾರ ಬಂದು ಅಡ್ಮಿಟ್ ಆಗಿ."

ಹಳೇ ಫ್ರಿಜ್ಜು ಕೊಡೋದಾ ಇಟ್ಕೊಳ್ಳೋದಾ ಅನ್ನೋ ಹಾಗೆ ಮುಗಿದುಹೋಯಿತು ಮಾತು. ಎರಡು ನಿಮಿಷ ಆಗಿರಬೇಕು ಅಷ್ಟೇ.

ಆಗ ನಾನೇನೋ ಧೈರ್ಯವಾಗಿ ಎದ್ದು ನಿಂತು ಪ್ರಶ್ನೆ ಕೇಳಿದೆ ಅಂದುಕೊಳ್ಳಬೇಡಿ. ಖಂಡಿತ ಇಲ್ಲ. ತಲೆ ಆಡಿಸಿದೆ. ನಮ್ಮ ಮನೆಯವರೂ ತಲೆ ಆಡಿಸಿದರು. ಮನೆಗೆ ಬಂದ ಮೇಲೆ ನೆನಪಾಯಿತು, ಮುಂದಿನ ತಿಂಗಳು ಎಸ್ಎಸ್ಎಲ್‌ಸಿ ಪರೀಕ್ಷೆ. ನನ್ನ ಪಾಠ ಇನ್ನೂ ಎರಡು ಉಳಿದಿತ್ತು. ಆಪರೇಷನ್ ಆದರೆ ಆರು ವಾರ ರೆಸ್ಟು ಅಂದಿದ್ದರು. ಮಕ್ಕಳ ಗತಿ ಏನು? ಬುಧವಾರ ಮತ್ತೆ ಹೋದೆ, ಅಳುಕುತ್ತಲೇ ಕೇಳಿದೆ, "ಮೇಡಂ, ಪರೀಕ್ಷೆ ಮುಗಿಸಿಕೊಂಡು ಎರಡು ತಿಂಗಳು ಬಿಟ್ಟು ಮಾಡಿಸಿದರೆ ಆಗಲ್ವಾ?"

"ಆಗುತ್ತೆ. ಅದಕ್ಕೇನಂತೆ. ಆಮೇಲೇ ಬನ್ನಿ."

ಅಷ್ಟೇ ಅವರು ಹೇಳಿದ್ದು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲು ಕುಡಿಯುತ್ತಾ ನಿಂತಿದ್ದಾಗ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಎರಡು ತಿಂಗಳು ಕಾದರೂ ಆಗುತ್ತೆ ಅಂದಮೇಲೆ ಗುರುವಾರವೇ ಯಾಕೆ ಬೇಕಿತ್ತು? ಎರಡು ತಿಂಗಳು ಆದರೆ ನಾಲ್ಕು ತಿಂಗಳೂ ಆಗುತ್ತಾ? ಆಗೋದಾದರೆ ತೆಗೆಯಲೇಬೇಕಾ?

ಏಪ್ರಿಲಿನಲ್ಲಿ ಪೇಪರ್ ತಿದ್ದಲು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕೂತೆ. ಅಲ್ಲಿದ್ದ ವಯಸ್ಸಾದ ಡಾಕ್ಟರಮ್ಮ ಮೊದಲು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ರಕ್ತವೇ ಇಲ್ಲವಲ್ಲ ತಾಯಿ ನಿಮ್ಮಲ್ಲಿ" ಅಂದರು. ಹಿಮೋಗ್ಲೋಬಿನ್ 7.4 ಬಂತು. ಈ ಸ್ಥಿತಿಯಲ್ಲಿ ಗುರುವಾರ ಆಪರೇಷನ್ ಟೇಬಲ್ ಮೇಲೆ ಮಲಗಿದ್ದರೆ ಅಂತ ಈಗಲೂ ಒಂದೊಂದು ಸಲ ಅಂದುಕೊಳ್ಳುತ್ತೇನೆ. ಜೊತೆಗೆ ಥೈರಾಯ್ಡ್ ಪರೀಕ್ಷೆ ಬರೆದರು. ಆ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದಾಗ ಏರುವ ಟಿಎಸ್‌ಎಚ್ ಅನ್ನೋ ಲೆಕ್ಕ ಎರ್ರಾಬಿರ್ರಿ ಏರಿತ್ತು. ಥೈರಾಯ್ಡ್ ಗ್ರಂಥಿ ಸೋಮಾರಿಯಾದರೆ ಮುಟ್ಟು ಜಾಸ್ತಿ ಆಗುತ್ತೆ ಅನ್ನೋದು ವಿಜ್ಞಾನದ ಟೀಚರ್ ಆದ ನನಗೂ ಗೊತ್ತಿರಲಿಲ್ಲ. ನನ್ನ ಪಾಠದಲ್ಲಿ ಅಯೋಡಿನ್, ಗಳಗಂಡ ಇಷ್ಟೇ ಇತ್ತು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಕಬ್ಬಿಣದ ಮಾತ್ರೆ, ಮುಟ್ಟಿನ ದಿನಗಳಲ್ಲಿ ರಕ್ತ ತಡೆಯುವ ಮಾತ್ರೆ. ಆರು ತಿಂಗಳಲ್ಲಿ ತಿಳಿ ಬಣ್ಣದ ಸೀರೆ ಉಟ್ಟೆ.

ಗಡ್ಡೆ? ಅದು ಅಲ್ಲೇ ಇತ್ತು. ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸಿ ನೋಡುತ್ತಿದ್ದೆವು. ಐವತ್ತೊಂದಕ್ಕೆ ಮುಟ್ಟು ನಿಂತಿತು, ಆಮೇಲೆ ಅದೂ ಒಣಗಿದ ದ್ರಾಕ್ಷಿ ಹಾಗೆ ಕುಗ್ಗಿತು. ಈ ಗಡ್ಡೆಗಳ ಗುಣವೇ ಹಾಗೆ, ಮುಟ್ಟು ತರುವ ಹಾರ್ಮೋನಿನ ಮೇಲೆ ಬದುಕುತ್ತವೆ, ಅದು ನಿಂತ ಮೇಲೆ ಸಾಮಾನ್ಯವಾಗಿ ಸೊರಗುತ್ತವೆ. ಅವು ಕ್ಯಾನ್ಸರ್ ಆಗಿ ತಿರುಗೋದು ತೀರಾ ಅಪರೂಪ. ನನ್ನ ಗರ್ಭಕೋಶಕ್ಕೆ ಈಗ ಐವತ್ತೆಂಟು ವರ್ಷ. ಇವತ್ತು ನನ್ನ ಜೊತೆಗೇ ಸಭೆಗೆ ಬಂದಿದೆ.

(ಇಲ್ಲಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಬಗ್ಗೆ ನನಗೆ ಒಂದು ಸಂಕಟ ಇದೆ, ಮುಂದೆ ಹೇಳುತ್ತೇನೆ.)

ಒಂದು ವಿಚಿತ್ರ ನೋಡಿ. ನನಗೆ ಗುರುವಾರದ ಡೇಟ್ ಕೊಟ್ಟರಲ್ಲ, ಅದಕ್ಕೆ ಬರೀ ಒಂದು ತಿಂಗಳ ಹಿಂದೆ, 2008ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ಇದೇ ಗರ್ಭಕೋಶದ ವಿಷಯದಲ್ಲೇ ಒಂದು ದೊಡ್ಡ ತೀರ್ಪು ಕೊಟ್ಟಿತ್ತು. ನನಗೆ ಅದರ ಸುದ್ದಿಯೇ ಇರಲಿಲ್ಲ. ಪ್ರಕರಣ ನಡೆದದ್ದು 1995ರಲ್ಲಿ, ದೆಹಲಿಯಲ್ಲಿ. ನಲವತ್ತನಾಲ್ಕು ವರ್ಷದ, ಮದುವೆಯಾಗದ ಒಬ್ಬ ಮಹಿಳೆ ಜಾಸ್ತಿ ರಕ್ತಸ್ರಾವ ಅಂತ ಡಾಕ್ಟರ ಹತ್ತಿರ ಹೋದರು. ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ಏನಾಗಿದೆ ನೋಡೋಣ ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ಹೊರಗೆ ಕೂತಿದ್ದ ವಯಸ್ಸಾದ ತಾಯಿಯ ಸಹಿ ತೆಗೆದುಕೊಂಡು ಗರ್ಭಕೋಶ, ಅಂಡಾಶಯ, ನಾಳ ಎಲ್ಲಾ ತೆಗೆದುಬಿಟ್ಟರು. ಎದ್ದಾಗ ಏನೂ ಉಳಿದಿರಲಿಲ್ಲ.

ಹದಿಮೂರು ವರ್ಷ ಆ ಮಹಿಳೆ ಹೋರಾಡಿದರು. ಕೋರ್ಟು ಏನು ಹೇಳಿತು ಗೊತ್ತಾ? ನನಗೆ ಈ ತೀರ್ಪಿನಲ್ಲಿ ಇಷ್ಟವಾಗುವುದೇ ಇದು. ಡಾಕ್ಟರು ಕಂಡುಹಿಡಿದ ಕಾಯಿಲೆ ತಪ್ಪು ಅಂತ ಹೇಳಲಿಲ್ಲ. ದುಡ್ಡಿಗಾಗಿ ಮಾಡಿದರು ಅಂತಲೂ ಹೇಳಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು, ಆದರೂ ಆಕೆಯನ್ನು ಕೇಳದೆ ಮಾಡುವ ಹಾಗಿರಲಿಲ್ಲ ಅಂದಿತು. ಪ್ರಾಣಕ್ಕೆ ಅಪಾಯ ಇರಲಿಲ್ಲ, ಆಕೆ ವಯಸ್ಕಳು, ಎಚ್ಚರವಾಗುವವರೆಗೆ ಕಾದು ಕೇಳಬಹುದಿತ್ತು. ತಾಯಿಯ ಸಹಿ ನಡೆಯಲ್ಲ. ನೋಡೋದಕ್ಕೆ ಕೊಟ್ಟ ಒಪ್ಪಿಗೆ ತೆಗೆಯೋದಕ್ಕೆ ಕೊಟ್ಟ ಒಪ್ಪಿಗೆ ಆಗಲ್ಲ. ಪರಿಹಾರ ಸಿಕ್ಕಿದ್ದು 25,000 ರೂಪಾಯಿ, ಡಾಕ್ಟರ ಫೀಸೂ ಇಲ್ಲ. ಹದಿಮೂರು ವರ್ಷಕ್ಕೆ ಅದೇನು ದುಡ್ಡು ಬಿಡಿ. ಆದರೆ ಇವತ್ತಿಗೂ ಈ ದೇಶದಲ್ಲಿ ಒಪ್ಪಿಗೆ ಅಂದರೆ ಏನು ಅಂತ ಮಾತು ಬಂದರೆ ಆ ತೀರ್ಪನ್ನೇ ತೆಗೆಯುತ್ತಾರೆ.

ಡಾಕ್ಟರ್ ಸರಿ ಇದ್ದರೂ ನಾವು ಕೇಳಬಹುದು. ಇದು ನಮ್ಮ ತಲೆಗೆ ಹೋಗೋದೇ ಇಲ್ಲ. ಪ್ರಶ್ನೆ ಕೇಳೋದು ಅಂದರೆ ಅನುಮಾನ ಪಡೋದು, ಅನುಮಾನ ಪಡೋದು ಅಂದರೆ ಅವಮಾನ ಮಾಡೋದು ಅಂತ ಅಂದುಕೊಂಡಿದ್ದೇವೆ. "ವೈದ್ಯೋ ನಾರಾಯಣೋ ಹರಿಃ" ಅಂತ ಬೇರೆ ಹೇಳ್ತೀವಿ. ವೈದ್ಯರು ಸಾಕ್ಷಾತ್ ದೇವರು ಅಂತ. ಆ ಶ್ಲೋಕ ಪೂರ್ತಿ ಕೇಳಿದ್ದೀರಾ? ಮೈ ಪೂರಾ ಜರ್ಜರಿತವಾಗಿ, ರೋಗ ತುಂಬಿ ಹೋದ ಮೇಲೆ ಗಂಗೆಯ ನೀರೇ ಔಷಧಿ, ಶ್ರೀಹರಿಯೇ ವೈದ್ಯ ಅಂತ ಅದರ ಅರ್ಥ. ಅಂದರೆ ಡಾಕ್ಟರ ಕೈ ಮೀರಿ ಹೋದಾಗ ದೇವರೇ ಗತಿ ಅಂತ. ನಾವು ಅದರ ಬಾಲ ಮಾತ್ರ ಹಿಡಿದು ಬೋರ್ಡ್ ಬರೆಸಿದ್ದೇವೆ.

ಈಗ ನಮ್ಮ ಕಲಬುರಗಿಯ ವಿಷಯ. ಇಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. ಸುಮಾರು ಹತ್ತು ವರ್ಷದ ಹಿಂದಿನ ಮಾತು. ಅಲ್ಲಿನ ಲಂಬಾಣಿ ತಾಂಡಾಗಳ ಹೆಂಗಸರು, ದಲಿತ ಕೇರಿಗಳ ಹೆಂಗಸರು, ಸೊಂಟ ನೋವು, ಹೊಟ್ಟೆ ನೋವು, ಬಿಳಿ ಮುಟ್ಟು ಅಂತ ಆಸ್ಪತ್ರೆಗೆ ಹೋದರೆ ಒಂದು ಸ್ಕ್ಯಾನಿಂಗ್ ಮಾಡಿ "ಗರ್ಭಚೀಲ ಕೆಟ್ಟಿದೆ, ತೆಗೆಯದಿದ್ದರೆ ಕ್ಯಾನ್ಸರ್" ಅಂತ ಹೇಳಿ ಕಳಿಸಿದರು, ಅಲ್ಲ, ಅಡ್ಮಿಟ್ ಮಾಡಿಕೊಂಡರು. ಮೂವತ್ತೈದೂ ಆಗದ ಹುಡುಗಿಯರು. ಕೆಲವರು ಸಾಲ ಮಾಡಿ, ಕೆಲವರು ಕುರಿ ಮಾರಿ ದುಡ್ಡು ಕಟ್ಟಿದರು. ಕರ್ನಾಟಕ ಜನಾರೋಗ್ಯ ಚಳವಳಿಯವರು ತಾಂಡಾ ತಾಂಡಾ ಸುತ್ತಿ ಇದನ್ನು ಹೊರಗೆ ತಂದರು. ಆರೋಗ್ಯ ಇಲಾಖೆಯ ತನಿಖೆಯಲ್ಲೂ ಬೇಡದ ಆಪರೇಷನ್‌ಗಳು ನಡೆದದ್ದು ಕಂಡಿತು. 2017ರಲ್ಲಿ ಆ ಹೆಂಗಸರೇ ಕಲಬುರಗಿಯಲ್ಲಿ ಬೀದಿಗೆ ಬಂದು ನ್ಯಾಯ ಕೇಳಿದರು. ಅದಕ್ಕೂ ಮೊದಲು ಚಿಕ್ಕಮಗಳೂರು ಜಿಲ್ಲೆಯ ಬೀರೂರಿನಿಂದಲೂ ಇಂಥದ್ದೇ ದೂರು ಬಂದಿತ್ತು. ಅದು ಸರ್ಕಾರಿ ಆಸ್ಪತ್ರೆ. ಆದ್ದರಿಂದ ಸರ್ಕಾರಿ ಅಂದರೆ ದೇವರು, ಖಾಸಗಿ ಅಂದರೆ ದೆವ್ವ ಅಂತ ನಾನು ಹೇಳಲ್ಲ.

ಗಡಿ ದಾಟಿ ಮಹಾರಾಷ್ಟ್ರದ ಬೀಡ್ ಜಿಲ್ಲೆಗೆ ಹೋದರೆ ಇನ್ನೊಂದು ಕಥೆ. ಕಬ್ಬು ಕಡಿಯೋಕೆ ಗುಳೆ ಹೋಗುವ ಹೆಂಗಸರು, ನಮ್ಮ ಬೆಳಗಾವಿ ಕಡೆಯ ಗದ್ದೆಗಳಿಗೂ ಬರುತ್ತಾರೆ. ಒಂದು ದಿನ ತಪ್ಪಿದರೆ ಮುಕಾದಮ, ಅಂದರೆ ಮೇಸ್ತ್ರಿ, ದಂಡ ಹಿಡಿಯುತ್ತಾನೆ. ಮುಟ್ಟಿನ ಕಾಟವೇ ಬೇಡ ಅಂತ ತೆಗೆಸಿಬಿಡುತ್ತಾರೆ. 2019ರಲ್ಲಿ ಅಲ್ಲಿನ ಸರ್ಕಾರ ಸಮೀಕ್ಷೆ ಮಾಡಿಸಿದಾಗ ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಜಾಸ್ತಿ ಜನಕ್ಕೆ ಗರ್ಭಕೋಶವೇ ಇರಲಿಲ್ಲ. ಅಲ್ಲಿ ಡಾಕ್ಟರು ಮಾತ್ರ ತಪ್ಪು ಅಂತ ಹೇಗೆ ಹೇಳೋದು? ಹೊಲದ ಬದಿಯಲ್ಲಿ ಒಂದು ಕಕ್ಕಸು ಇದ್ದು, ಮುಟ್ಟಿನ ದಿನ ರಜೆ ಇದ್ದಿದ್ದರೆ ಎಷ್ಟು ಗರ್ಭಕೋಶ ಉಳಿಯುತ್ತಿತ್ತೋ.

ರಾಜಸ್ಥಾನ, ಬಿಹಾರ, ಛತ್ತೀಸಗಡದಲ್ಲಿ ನಡೆದ ಇಂಥದ್ದೇ ಆಪರೇಷನ್‌ಗಳ ಮೇಲೆ ಹಾಕಿದ್ದ ಅರ್ಜಿಯಲ್ಲಿ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಎಲ್ಲಾ ರಾಜ್ಯಗಳಿಗೂ ಹೇಳಿದೆ. ಬೇಡದ ಗರ್ಭಕೋಶದ ಆಪರೇಷನ್ ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ. ಜಿಲ್ಲೆಗೊಂದು ಸಮಿತಿ ಕೂತು ಎಲ್ಲಿ ಎಷ್ಟು ಆಪರೇಷನ್ ಆಯಿತು, ಯಾವ ವಯಸ್ಸಿನವರಿಗೆ ಆಯಿತು ಅಂತ ನೋಡಬೇಕು. ಕಾಗದದ ಮೇಲೆ ಚೆನ್ನಾಗಿದೆ. ಸಮಿತಿ ಆಮೇಲೆ ಎಣಿಸುತ್ತೆ. ಹೊಟ್ಟೆ ಕೊಯ್ಯುವ ಮೊದಲು ಕೇಳಬೇಕಾದವರು ನಾವೇ.

ಡಾಕ್ಟರುಗಳು ಯಾಕೆ ಹೀಗೆ ಮಾಡುತ್ತಾರೆ? ಎಲ್ಲರೂ ದುಡ್ಡಿಗೇ ಮಾಡುತ್ತಾರೆ ಅಂದರೆ ನಾನು ಒಪ್ಪಲ್ಲ. ದುಡ್ಡು ಇದೆ, ಇಲ್ಲ ಅಂತಲ್ಲ. ಆದರೆ ಇನ್ನೊಂದು ಇದೆ. 2017ರಲ್ಲಿ 67 ದೇಶಗಳ ಲೆಕ್ಕ ಸೇರಿಸಿ ಒಂದು ಅಧ್ಯಯನ ಬಂತು, ಡಾಕ್ಟರ್ ಒಬ್ಬ ರೋಗಿ ಜೊತೆ ಎಷ್ಟು ಹೊತ್ತು ಕಳೆಯುತ್ತಾರೆ ಅಂತ. ಸ್ವೀಡನ್ನಿನಲ್ಲಿ ಇಪ್ಪತ್ತೆರಡು ನಿಮಿಷ. ನಮ್ಮಲ್ಲಿ ಎರಡು ನಿಮಿಷದ ಆಸುಪಾಸು. ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಎರಡು ನಿಮಿಷದಲ್ಲಿ "ತೆಗೆದುಬಿಡೋಣ" ಅನ್ನೋದು ಸುಲಭ. "ಮಾತ್ರೆ ತಗೊಳ್ಳಿ, ಮೂರು ತಿಂಗಳು ಲೆಕ್ಕ ಬರೆದಿಡಿ, ಆಮೇಲೆ ನೋಡೋಣ, ಹಾರ್ಮೋನಿನ ವಂಕಿ ಅಂತ ಒಂದಿದೆ, ಅದನ್ನು ಗರ್ಭಕೋಶದೊಳಗೆ ಹಾಕಿದರೆ ರಕ್ತ ಹೋಗೋದು ಕಡಿಮೆ ಆಗುತ್ತೆ, ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸಬಹುದು" ಅಂತ ಹೇಳೋಕೆ ಅರ್ಧ ಗಂಟೆ ಬೇಕು. ಅದರ ಜೊತೆಗೆ ಸರ್ಕಾರ ಕೊಟ್ಟ ನಮ್ಮ ಆರೋಗ್ಯ ಕಾರ್ಡುಗಳ ಮರ್ಮ ನೋಡಿ. ಅಡ್ಮಿಟ್ ಆದರೆ, ಆಪರೇಷನ್ ಆದರೆ ಕಾರ್ಡ್ ದುಡ್ಡು ಕೊಡುತ್ತೆ. ಒಪಿಡಿಯಲ್ಲಿ ಕೂತು ಆರು ತಿಂಗಳು ಮಾತ್ರೆ ನುಂಗಿದರೆ ಕೈಯಿಂದ ಹಾಕಬೇಕು. ಹೀಗಿದ್ದರೆ ಬಡವರಿಗೆ ಯಾವುದು ಅಗ್ಗ ಅನಿಸುತ್ತೆ ಹೇಳಿ.

ನಮ್ಮ ತಪ್ಪೂ ಇದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಗಾದೆ. ನಾವು ಬಯಸೋದು ಹಾಲು ಅನ್ನ ಅಲ್ಲ, ಗ್ಲೂಕೋಸ್ ಬಾಟಲಿ. ಸುಸ್ತು ಅಂದರೆ "ಒಂದು ಬಾಟಲಿ ಹಾಕಿಬಿಡಿ ಡಾಕ್ಟ್ರೇ." ಆ ಅರ್ಧ ಲೀಟರ್ ಬಾಟಲಿಯಲ್ಲಿ ಇರೋದು ಸುಮಾರು ಐದು ಚಮಚ ಸಕ್ಕರೆ. ಮನೆಯಲ್ಲಿ ಒಂದು ಲೋಟ ಪಾನಕ ಮಾಡಿ ಕುಡಿದರೆ ಅಷ್ಟೇ ಸಿಗುತ್ತೆ, ಚುಚ್ಚಿಸಿಕೊಳ್ಳುವ ಬಾಧೆ ಇಲ್ಲ. ಇಂಜೆಕ್ಷನ್ ಕೊಡದ ಡಾಕ್ಟರಿಗೆ "ಕೈಗುಣ ಇಲ್ಲ" ಅಂತ ಬಿರುದು ಕೊಡುವವರೂ ನಾವೇ. ಮುಟ್ಟಿನ ವಿಷಯದಲ್ಲೂ ಹಾಗೇ. "ಪ್ರತಿ ತಿಂಗಳ ಈ ಗೋಳು ಸಾಕಾಯ್ತು, ತೆಗೆದುಬಿಡಿ ಮೇಡಂ" ಅಂತ ನಾವೇ ಕೇಳೋದು ನಾನೇ ಕಿವಿಯಾರೆ ಕೇಳಿದ್ದೇನೆ. ಗೋಳು ಅಲ್ಲಿಗೆ ಮುಗಿಯಲ್ಲ. ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂವತ್ತೆರಡಕ್ಕೇ ಮುಟ್ಟು ನಿಂತವರ ಬಾಧೆಯೆಲ್ಲ ಶುರು. ಮೈಯೆಲ್ಲ ಬಿಸಿ, ನಿದ್ದೆ ಇಲ್ಲ, ಮೂಳೆ ಸವೆತ, ಹೃದಯದ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ಬಿಳಿ ಮುಟ್ಟಿಗೆ ಗರ್ಭಕೋಶ ತೆಗೆಯೋದು ಅಂದರೆ ಸೂರು ಸೋರುತ್ತೆ ಅಂತ ಮನೆ ಕೆಡವಿದ ಹಾಗೆ. ಬಹಳ ಸಲ ಅದು ಸೋಂಕು, ಮಾತ್ರೆಗೆ ಹೋಗುತ್ತೆ. ಕೆಲವು ಸಲ ಗಂಡನಿಗೂ ಮಾತ್ರೆ ಕೊಡಬೇಕಾಗುತ್ತೆ. (ಇಲ್ಲಿ ಹಿಂದಿನ ಸಾಲಿನಲ್ಲಿ ದೊಡ್ಡ ನಗೆ. ಯಾಕೆ ಅಂತ ನಾನು ಕೇಳಲಿಲ್ಲ.) ಕ್ಯಾನ್ಸರ್ ಭಯ ಇದ್ದರೆ ಗರ್ಭಕೋಶದ ಬಾಯಿಗೆ ಪರೀಕ್ಷೆ ಇದೆ, ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡುತ್ತಾರೆ. ಪರೀಕ್ಷೆ ಮಾಡದೆ ಕ್ಯಾನ್ಸರ್ ಅಂತ ಹೆದರಿಸಿದರೆ, "ಯಾವ ರಿಪೋರ್ಟಿನಲ್ಲಿ ಬರೆದಿದೆ ತೋರಿಸಿ" ಅನ್ನಿ.

ಹೇಗೆ ಕೇಳೋದು? ಜಗಳ ಮಾಡಬೇಡಿ. ಫೋನಿನಲ್ಲಿ ಓದಿದ್ದನ್ನು ಡಾಕ್ಟರ ಮುಖಕ್ಕೆ ಹಿಡಿಯಬೇಡಿ, ಅದು ಯಾರಿಗೂ ಇಷ್ಟ ಆಗಲ್ಲ, ನನ್ನ ವಿದ್ಯಾರ್ಥಿಗಳು ನನಗೆ ಹಾಗೆ ಮಾಡಿದಾಗ ನನಗೂ ಉರಿಯುತ್ತಿತ್ತು. ನಾನೊಂದು ಉಪಾಯ ಹೇಳ್ತೀನಿ, ಇದು ಕಲಿಸಿಕೊಟ್ಟಿದ್ದು ನಮ್ಮ ಪಕ್ಕದ ಮನೆಯ ಅಜ್ಜಿ. "ಡಾಕ್ಟ್ರೇ, ಮನೆಗೆ ಹೋದರೆ ನಮ್ಮ ಯಜಮಾನರು ನೂರು ಪ್ರಶ್ನೆ ಕೇಳ್ತಾರೆ. ನಾನು ಅವರಿಗೆ ಏನು ಹೇಳಲಿ?" ಅಷ್ಟೇ. ಡಾಕ್ಟರಿಗೆ ಸಿಟ್ಟೂ ಬರಲ್ಲ, ಇಲ್ಲದ ಯಜಮಾನರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಆ ಅಜ್ಜಿಯ ಯಜಮಾನರು ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು.

ಕೇಳಬೇಕಾದದ್ದು ಬಹಳ ಇಲ್ಲ. ತೆಗೆಯದಿದ್ದರೆ ಏನಾಗುತ್ತೆ? ಇದೊಂದು ಕೇಳಿದರೆ ಮಿಕ್ಕಿದ್ದು ಅದರ ಬೆನ್ನಿಗೇ ಬರುತ್ತೆ. ಎಷ್ಟು ದಿನ ಕಾಯಬಹುದು, ಮಾತ್ರೆಯಲ್ಲಿ ಆಗಲ್ವಾ, ಅಂಡಾಶಯ ಬಿಡ್ತೀರಾ ತೆಗೀತೀರಾ. ಉತ್ತರ ಹೇಗೆ ಬರುತ್ತೆ ನೋಡಿ. ಕಾರಣ ಹೇಳಿದರೆ ಒಳ್ಳೆಯದು. "ನೀವು ಡಾಕ್ಟರಾ, ನಾನಾ?" ಅಂದರೆ ಚೀಟಿ ತಗೊಂಡು ಎದ್ದು ಬನ್ನಿ, ಇನ್ನೊಬ್ಬರಿಗೆ ತೋರಿಸಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳೋದು ರೋಗಿಯ ಹಕ್ಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಾಡಿದ ರೋಗಿಗಳ ಹಕ್ಕುಪತ್ರದಲ್ಲೇ ಇದೆ. ಒಬ್ಬರೇ ಹೋಗಬೇಡಿ. ಒಬ್ಬರು ಮಾತಾಡೋಕೆ, ಒಬ್ಬರು ಕೇಳಿಸಿಕೊಳ್ಳೋಕೆ. ಭಯದಲ್ಲಿ ಕಿವಿ ಮುಚ್ಚಿಹೋಗುತ್ತೆ.

ಕಾಗದ. ಇದನ್ನು ನಾನು ಎರಡು ಸಲ ಹೇಳ್ತೀನಿ. ಕಾಗದ ಬಿಡಬೇಡಿ. ಸ್ಕ್ಯಾನಿಂಗ್ ರಿಪೋರ್ಟ್, ರಕ್ತದ ರಿಪೋರ್ಟ್, ಡಿಸ್ಚಾರ್ಜ್ ಚೀಟಿ, ತೆಗೆದ ಗರ್ಭಕೋಶವನ್ನು ಲ್ಯಾಬಿಗೆ ಕಳಿಸಿದ್ದರೆ ಅದರ ರಿಪೋರ್ಟ್. ಅಡ್ಮಿಟ್ ಆದವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿಯ ನಿಯಮ ಇದೆ. ಮೂರು ವರ್ಷ ಅವರು ಇಟ್ಟಿರಬೇಕು. ಕೊಡದಿದ್ದರೆ, ಅಥವಾ ಖಾಸಗಿ ಆಸ್ಪತ್ರೆ ಮೇಲೆ ಬೇರೆ ದೂರಿದ್ದರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಕುಂದುಕೊರತೆ ಪ್ರಾಧಿಕಾರ ಇದೆ. ಇದನ್ನೆಲ್ಲ ಬಿಗಿ ಮಾಡೋಕೆ 2017ರಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಕಾಯ್ದೆ ತಿದ್ದುಪಡಿಗೆ ಹೊರಟಾಗ ಖಾಸಗಿ ಡಾಕ್ಟರುಗಳು ಬೆಳಗಾವಿಗೆ ಹೋಗಿ ಮುಷ್ಕರ ಕೂತದ್ದು ನೆನಪಿರಬಹುದು. ಅದರ ಪುರಾಣ ಇನ್ನೊಂದು ದಿನ.

ಈಗ ಆ ಚಪ್ಪಾಳೆಯ ಸಂಕಟ. ಇದನ್ನು ಹೇಳದೆ ಮನೆಗೆ ಹೋದರೆ ನನಗೆ ನಿದ್ದೆ ಬರಲ್ಲ.

ನನ್ನ ಗರ್ಭಕೋಶ ಉಳಿದ ಕಥೆಯನ್ನು ನಾನು ಮದುವೆ ಮನೆ, ಗೃಹಪ್ರವೇಶ ಎಲ್ಲಾ ಕಡೆ ಹೇಳಿಕೊಂಡು ತಿರುಗಿದೆ. ನಮ್ಮ ಅತ್ತಿಗೆ, ನಮ್ಮ ಮನೆಯವರ ಅಕ್ಕ, ಅದನ್ನು ಹತ್ತು ಸಲ ಕೇಳಿದ್ದರು. ಅವರಿಗೆ ಐವತ್ತೊಂಬತ್ತು. ಮುಟ್ಟು ನಿಂತು ಎಂಟು ವರ್ಷ ಆಗಿತ್ತು. ಒಂದು ದಿನ ಸ್ವಲ್ಪ ರಕ್ತ ಕಂಡಿದೆ. ಡಾಕ್ಟರ್ ಪರೀಕ್ಷೆ ಮಾಡಿಸೋಣ, ಗರ್ಭಕೋಶ ತೆಗೆಯಬೇಕಾಗಬಹುದು ಅಂದಿದ್ದಾರೆ. ಅತ್ತಿಗೆ ನನ್ನ ಕಥೆ ನೆನೆಸಿಕೊಂಡು "ಇವರೆಲ್ಲ ಹೀಗೇ ಹೇಳೋದು" ಅಂತ ಎದ್ದು ಬಂದಿದ್ದಾರೆ. ನನಗೂ ಹೇಳಲಿಲ್ಲ. ಏಳು ತಿಂಗಳು. ಕಡೆಗೆ ನೋಡಿದಾಗ ಗರ್ಭಕೋಶದ ಒಳಪದರದ ಕ್ಯಾನ್ಸರ್. ಆಪರೇಷನ್ ಆಯಿತು, ಆಮೇಲೆ ರೇಡಿಯೇಷನ್ ಕೊಟ್ಟರು. ಬದುಕಿದ್ದಾರೆ, ಚೆನ್ನಾಗಿದ್ದಾರೆ. ಆದರೆ ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿಕೊಂಡು "ನೀನೇ ಹೇಳಿದ್ಯಲ್ಲೇ, ತೆಗೆಸಬಾರದು ಅಂತ" ಅಂದರಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತೆ. ತೆಗೆಸಬಾರದು ಅಂತ ನಾನು ಯಾವತ್ತೂ ಹೇಳಿರಲಿಲ್ಲ. ಆದರೆ ಕೇಳಿದವರಿಗೆ ಹಾಗೆ ಕೇಳಿಸುವಷ್ಟು ಮಸಾಲೆ ಹಾಕಿ ಹೇಳುತ್ತಿದ್ದೆ.

ಅದಕ್ಕೇ ಇದನ್ನು ಮೈಕ್ ಹತ್ತಿರ ಹಿಡಿದು ಹೇಳ್ತೀನಿ. ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡರೂ ಆ ವಾರವೇ ಡಾಕ್ಟರ ಹತ್ತಿರ ಹೋಗಿ. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೂ ಹೋಗಿ. ಎದೆ ಹಿಂಡುತ್ತಿದೆ, ಬಾಯಿ ಸೊಟ್ಟ ಆಗಿದೆ, ಹೆರಿಗೆ ಆದ ಮೇಲೆ ರಕ್ತ ನಿಲ್ಲುತ್ತಿಲ್ಲ ಅಂದರೆ ಇನ್ನೊಬ್ಬರ ಅಭಿಪ್ರಾಯ ಅಂತ ಓಡಾಡಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳಿವೆ. ನಾನು ಡಾಕ್ಟರನ್ನು ಕೇಳಿ ಅಂದೆ. ನನ್ನನ್ನು ಕೇಳಿ ಅನ್ನಲಿಲ್ಲ. ನಮ್ಮ ಅತ್ತಿಗೆ "ತೆಗೆಯದಿದ್ದರೆ ಏನಾಗುತ್ತೆ" ಅಂತ ಆ ಡಾಕ್ಟರನ್ನು ಕೇಳಿದ್ದರೆ ಅವತ್ತೇ ಉತ್ತರ ಸಿಗುತ್ತಿತ್ತು.

ಮಾತು ಇಲ್ಲಿಗೆ ಮುಗಿಯಿತು. ವೇದಿಕೆ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೂ ಇದ್ದರು, ಹುಡುಗ, ಮೂವತ್ತು ಆಗಿರಬಹುದು. ಅವರು ಎದ್ದು ಹೇಳಿದರು, "ಟೀಚರ್ ಹೇಳಿದ್ದು ಸರಿ, ಕೇಳಿ. ಆದ್ರೆ ಹೊರಗೆ ಎಂಬತ್ತು ಜನ ನಿಂತಿರ್ತಾರೆ, ಅವರು ಬೈಯೋದು ನನ್ನನ್ನೇ." ಪಾಪ, ಅದೂ ನಿಜ. ಬುಧವಾರ ಮಧ್ಯಾಹ್ನ ರಶ್ ಕಡಿಮೆ, ಆಗ ಬನ್ನಿ ಅಂತ ಅವರೇ ಹೇಳಿದರು.

ಎಲ್ಲರೂ ಉಪ್ಪಿಟ್ಟಿನ ಕಡೆ ಎದ್ದಾಗ ಒಬ್ಬಳು ಹುಡುಗಿ ಬಂದು ನನ್ನ ಪಕ್ಕ ನಿಂತಳು. ಹುಡುಗಿ ಅನ್ನಿಸಿತು, ವಯಸ್ಸು ಕೇಳಿದರೆ ಮೂವತ್ತೆಂಟು ಅಂದಳು. ಇಪ್ಪತ್ತೊಂಬತ್ತಕ್ಕೆ ಆಪರೇಷನ್ ಆಗಿದೆ. ಮೈ ಬಿಸಿಯಾಗುತ್ತೆ, ರಾತ್ರಿ ಬೆವರುತ್ತೆ, ಮಂಡಿ ಹಿಡಿದುಕೊಳ್ಳುತ್ತೆ. "ಅಕ್ಕಾ, ನೀವು ಹೇಳಿದ್ರಲ್ಲ ಅಂಡಾಶಯ, ನಂದು ಇದೆಯಾ ಇಲ್ವಾ ಹೇಗೆ ಗೊತ್ತಾಗುತ್ತೆ?" ಡಿಸ್ಚಾರ್ಜ್ ಚೀಟಿ ಇದೆಯಾ ಅಂದೆ. ಪರ್ಸಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಒಂದು ಕಾಗದ ತೆಗೆದಳು. ಒಂಬತ್ತು ವರ್ಷದಿಂದ ಜೋಪಾನ ಮಾಡಿದ್ದಾಳೆ. ಬಿಚ್ಚಿ ನೋಡಿದೆ. ಅದು ಬಿಲ್ಲು. ಆಪರೇಷನ್ ಚಾರ್ಜು, ವಾರ್ಡಿನ ಬಾಡಿಗೆ, ಔಷಧಿ, ಒಟ್ಟು. ಕೆಳಗೆ "ಪಾವತಿಸಲಾಗಿದೆ" ಅಂತ ಸೀಲು. ಆಸ್ಪತ್ರೆಯವರು ದಾಖಲೆ ಇಟ್ಟಿರಬೇಕಾದ ಮೂರು ವರ್ಷ ಎಂದೋ ದಾಟಿದೆ.

ಸೋಮವಾರ ಜಿಲ್ಲಾಸ್ಪತ್ರೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸೋದು ಅಂತ ಮಾತಾಯಿತು. ನಾನೂ ಜೊತೆಗೆ ಹೋಗುತ್ತೇನೆ, ಕೇಳಿಸಿಕೊಳ್ಳೋಕೆ. ಎಂಟು ಗಂಟೆ ಬಸ್ಸಿಗೆ.